ಅಂಗನವಾಡಿಯ ಮಕ್ಕಳಿಗಾಗಿ ನಾಟಕ ಕಟ್ಟುವುದು ಹೇಗೆ?

ಮಕ್ಕಳ ನಾಟಕವೆಂದರೆ ನಮ್ಮಲ್ಲಿ ಸಾಮಾನ್ಯವಾಗಿ ಶಾಲೆಯ ಮಕ್ಕಳು ತಾವೇ ಬಣ್ಣ ಹಚ್ಚಿಕೊಂಡು ಆಡುವ ನಾಟಕ, ಇಲ್ಲವೇ ಬೇಸಿಗೆ ಶಿಬಿರದ ಕೊನೆಯ ದಿನದ ಪ್ರದರ್ಶನ. ಮೂರು ನಾಲ್ಕು ವರ್ಷದ ಮಗುವನ್ನೇ ಪ್ರೇಕ್ಷಕನೆಂದು ಗೌರವಿಸಿ, ಅದಕ್ಕಾಗಿಯೇ ನುರಿತ ನಟರು ಆಡುವ ನಾಟಕಗಳು ಬಹಳ ಕಡಿಮೆ. ಇಟಲಿಯ ಬೊಲೊನ್ಯಾ ನಗರದ ಲಾ ಬರಾಕ್ಕಾ ತಂಡವು 1987ರಿಂದಲೇ ಮೂರು ವರ್ಷದೊಳಗಿನ ಮಕ್ಕಳಿಗಾಗಿ, ಶಿಶುವಿಹಾರಗಳ ಜೊತೆಗೂಡಿ ನಾಟಕ ಕಟ್ಟುತ್ತ ಬಂದಿದೆ. ನಮ್ಮಲ್ಲಿ 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದಾಗಿ ಹಳ್ಳಿಹಳ್ಳಿಗೂ ಅಂಗನವಾಡಿ ಬಂದಿರುವಾಗ, ಹವ್ಯಾಸಿ ತಂಡಗಳು ಪ್ರೇಕ್ಷಕರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಇಬ್ಬರು ನಟರು ಮತ್ತು ಒಂದು ಕೋಣೆ ಇದ್ದರೆ ಕೆಲಸ ಆರಂಭಿಸಬಹುದು.

ಮೊದಲು ನೋಡಿ

ಕಥೆ ಹುಡುಕುವ ಮುನ್ನ ಅಂಗನವಾಡಿ ಕಾರ್ಯಕರ್ತೆಯ ಒಪ್ಪಿಗೆ ಪಡೆದು ಕೆಲವು ಬೆಳಗಿನ ಹೊತ್ತು ಅಲ್ಲಿಯೇ ಒಂದು ಮೂಲೆಯಲ್ಲಿ ಕುಳಿತುಕೊಳ್ಳಿ. ಮಕ್ಕಳು ಯಾವುದನ್ನು ಮತ್ತೆ ಮತ್ತೆ ಮಾಡುತ್ತಾರೆ ಎಂಬುದನ್ನು ಬರೆದುಕೊಳ್ಳಿ: ಲೋಟದಿಂದ ಲೋಟಕ್ಕೆ ನೀರು ಸುರಿಯುವುದು, ಬುಟ್ಟಿಯೊಳಗೆ ತಲೆ ತೂರಿಸುವುದು, ಎತ್ತಿಕೊಟ್ಟದ್ದನ್ನು ಮತ್ತೆ ಬೀಳಿಸುವುದು. ದೊಡ್ಡವರಿಗೆ ಬೇಸರ ತರಿಸುವ ಈ ಪುನರಾವರ್ತನೆಯಲ್ಲಿ ಮಗು ತನಗೆ ತಿಳಿದದ್ದು ಮತ್ತೊಮ್ಮೆ ಹಾಗೆಯೇ ನಡೆಯುತ್ತದೆಯೇ ಎಂದು ಪರೀಕ್ಷಿಸುತ್ತಿರುತ್ತದೆ. ನಾಟಕವನ್ನು ಕಟ್ಟಬೇಕಾದದ್ದು ಇದರಿಂದಲೇ.

ಒಂದೇ ವಸ್ತು ಸಾಕು

ಮಕ್ಕಳು ಮನೆಯಲ್ಲಿ ಕಂಡಿರುವ ಒಂದು ವಸ್ತುವನ್ನು ಆರಿಸಿಕೊಳ್ಳಿ. ಮೊರವನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಹಿಡಿ ರಾಗಿ ಹಾಕಿ ಮೆಲ್ಲಗೆ ಓಲಾಡಿಸಿದರೆ ಮಳೆಯ ಸದ್ದು ಕೇಳುತ್ತದೆ; ಬೋರಲು ಹಾಕಿ ಬೆರಳಿನಿಂದ ಬಡಿದರೆ ಗುಡುಗಾಗುತ್ತದೆ; ತಲೆಯ ಮೇಲೆ ಹಿಡಿದರೆ ಕೊಡೆಯಾಗುತ್ತದೆ; ಮುಖದ ಮುಂದೆ ಹಿಡಿದು ಸರಿಸಿದರೆ, ಅಮ್ಮ ಸೆರಗಿನ ಮರೆಯಿಂದ ಇಣುಕುವ ಆಟವಾಗುತ್ತದೆ. ಮಳೆ ಬರುತ್ತದೆ, ಒಬ್ಬರ ಬಳಿ ಮೊರವಿದೆ, ಇನ್ನೊಬ್ಬರ ಬಳಿ ಇಲ್ಲ, ಕೊನೆಗೆ ಇಬ್ಬರೂ ಒಂದೇ ಮೊರದಡಿ ನಿಲ್ಲುತ್ತಾರೆ. ಇಷ್ಟೇ ಕಥೆ ಸಾಕು. ಇದಕ್ಕೆ ಹಂಚಿಕೊಂಡು ಬಾಳಬೇಕೆಂಬ ನೀತಿಪಾಠವನ್ನು ದಯವಿಟ್ಟು ಅಂಟಿಸಬೇಡಿ. ಒಂದು ಕ್ರಿಯೆಯನ್ನು ಎರಡು ಬಾರಿ ಒಂದೇ ರೀತಿ ಮಾಡಿ, ಮೂರನೆಯ ಬಾರಿ ಸ್ವಲ್ಪ ಬದಲಿಸಿ ನೋಡಿ. ನಗು ಹುಟ್ಟುವುದು ಆ ಬದಲಾವಣೆಯಲ್ಲಿ.

ಮಾತು ಕಡಿಮೆಯಿರಲಿ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ತೆಲುಗು ಅಥವಾ ಲಂಬಾಣಿ ಮಾತನಾಡುವ ಎಷ್ಟೋ ಮಕ್ಕಳು ಕನ್ನಡವನ್ನು ಕೇಳತೊಡಗುವುದೇ ಅಂಗನವಾಡಿಗೆ ಬಂದ ಮೇಲೆ.

ತಾಲೀಮು

ಅನುಭವಿ ನಟರಿಗೂ ಕಷ್ಟವಾಗುವುದು ಕಾಯುವ ಕೆಲಸ. ಹೊಸದನ್ನು ಕಂಡ ಮಗು ಅನೇಕ ವೇಳೆ ತನ್ನ ಜೊತೆಗಿರುವ ಪರಿಚಿತರ ಮುಖವನ್ನು ನೋಡಿ, ಅಲ್ಲಿ ಭಯವಿಲ್ಲವೆಂದು ಖಚಿತಪಡಿಸಿಕೊಂಡು, ಆಮೇಲೆ ನಟನ ಕಡೆಗೆ ತಿರುಗುತ್ತದೆ. ಅಷ್ಟರಲ್ಲಿ ನಟ ಮುಂದಿನ ಕ್ರಿಯೆಗೆ ಹೋಗಿದ್ದರೆ ಮಗುವಿಗೆ ನಾಟಕದ ಎಳೆ ತಪ್ಪುತ್ತದೆ. ಆದ್ದರಿಂದ ಪ್ರತಿ ಮುಖ್ಯ ಕ್ರಿಯೆಯ ನಂತರ ನಿಂತು, ಉಸಿರಾಡಿ, ಮಕ್ಕಳ ಕಣ್ಣು ಮರಳಿ ಬರುವವರೆಗೆ ಕಾಯುವುದನ್ನು ಸಂಭಾಷಣೆಯಷ್ಟೇ ಶ್ರದ್ಧೆಯಿಂದ ಅಭ್ಯಾಸ ಮಾಡಬೇಕು. ನಾಟಕ ಅರ್ಧ ಸಿದ್ಧವಾದಾಗಲೇ ನಾಲ್ಕೈದು ಮಕ್ಕಳನ್ನು ಪೋಷಕರೊಂದಿಗೆ ತಾಲೀಮಿಗೆ ಕರೆಯಿರಿ, ಮತ್ತು ಅವರ ಗಮನ ಎಲ್ಲಿ ಚದುರುತ್ತದೆಯೋ ಆ ಭಾಗವನ್ನು ನಿಮಗೆಷ್ಟೇ ಪ್ರಿಯವಾಗಿದ್ದರೂ ಕತ್ತರಿಸಿ.

ಮುಖಕ್ಕೆ ದಟ್ಟ ಬಣ್ಣ, ಮುಖವಾಡ ಬೇಡ. ಯಕ್ಷಗಾನದ ಬಣ್ಣದ ವೇಷದ ಅಬ್ಬರವನ್ನು ಬಯಲಿನಲ್ಲಿ ಅಜ್ಜನ ಮಡಿಲಲ್ಲಿ ಕುಳಿತು ನೋಡುವ ಮಗು ಕೂಡ, ಅದೇ ವೇಷ ಸಣ್ಣ ಕೋಣೆಯಲ್ಲಿ ಎದುರಿಗೇ ಬಂದು ನಿಂತರೆ ಬೆದರೀತು.

ಪ್ರದರ್ಶನದ ದಿನ

ಮಕ್ಕಳಿಗೆ ಹಸಿವೂ ನಿದ್ದೆಯೂ ಇಲ್ಲದ ಹೊತ್ತನ್ನು, ಅಂದರೆ ಮಧ್ಯಾಹ್ನದ ಊಟಕ್ಕೆ ಸಾಕಷ್ಟು ಮುಂಚಿನ ವೇಳೆಯನ್ನು, ಗೊತ್ತುಮಾಡಿ. ಇಪ್ಪತ್ತೈದು ನಿಮಿಷ ಮೀರದಿರಲಿ, ಮಕ್ಕಳ ಸಂಖ್ಯೆ ಮೂವತ್ತು ದಾಟದಿರಲಿ. ವೇದಿಕೆ, ಮೈಕು ಬೇಕಿಲ್ಲ. ಅರ್ಧಚಂದ್ರಾಕಾರದಲ್ಲಿ ಚಾಪೆ ಹಾಸಿ, ನಟರೂ ನೆಲದ ಮೇಲೆ, ಮಕ್ಕಳ ಕಣ್ಣಿನ ಮಟ್ಟದಲ್ಲಿ ಇರಬೇಕು. ಕೋಣೆಯನ್ನು ಪೂರ್ತಿ ಕತ್ತಲಾಗಿಸಬಾರದು. ಅಳುವ ಮಗುವನ್ನು ಹೊರಗೆ ಕರೆದೊಯ್ದು ಮತ್ತೆ ಒಳಗೆ ಬರಬಹುದೆಂದು ಪೋಷಕರಿಗೆ ಮೊದಲೇ ತಿಳಿಸಿ. ‘ಸುಮ್ಮನೆ ಕೂತ್ಕೋ’, ‘ಚಪ್ಪಾಳೆ ತಟ್ಟು’ ಎಂದು ಹೇಳದಿರುವಂತೆ ಅವರನ್ನು ವಿನಂತಿಸಿಕೊಳ್ಳಿ. ಮಗುವೊಂದು ಎದ್ದು ಆಟದೊಳಗೆ ನಡೆದು ಬಂದರೆ ನಟರು ಅದನ್ನು ನೋಡಿ ನಕ್ಕು, ದಾರಿ ಬಿಟ್ಟು, ಆಟವನ್ನು ಮುಂದುವರಿಸಲಿ.

ನಾಟಕ ಮುಗಿದ ಮೇಲೆ ಹತ್ತು ನಿಮಿಷ ಮೊರಗಳನ್ನು ಮಕ್ಕಳ ಕೈಗೆ ಕೊಡಿ. ಬಿಡಿ ಕಾಳು ಮೂಗು, ಕಿವಿ ಸೇರುವ ಅಪಾಯವಿರುವುದರಿಂದ ರಾಗಿಯನ್ನು ಅದಕ್ಕೆ ಮೊದಲೇ ತೆಗೆದಿಟ್ಟು, ಬಟ್ಟೆಯ ಚೀಲದಲ್ಲಿ ಗಟ್ಟಿಯಾಗಿ ಹೊಲಿದದ್ದನ್ನು ಮಾತ್ರ ಕೊಡಬೇಕು. ಮೊರದ ಅಂಚಿನಲ್ಲಿ ಬಿದಿರಿನ ಸಿಬಿರು ಎದ್ದಿಲ್ಲವೆಂದೂ ನೋಡಿಕೊಳ್ಳಬೇಕು. ಈ ಹೊತ್ತಿನಲ್ಲಿ ನಟರು ಏನನ್ನೂ ಕಲಿಸದೆ ಪಕ್ಕದಲ್ಲಿ ಕುಳಿತು, ಮಕ್ಕಳು ಮೊರವನ್ನು ಏನೇನು ಮಾಡಿಕೊಂಡರೆಂದು ಗಮನಿಸಿ, ಅದರಲ್ಲೊಂದನ್ನು ಮುಂದಿನ ಪ್ರದರ್ಶನಕ್ಕೆ ಸೇರಿಸಿಕೊಳ್ಳಬಹುದು.