ಹಿಪ್ಪುನೇರಳೆ ಕಡ್ಡಿಯಿಂದ ಹಾಳೆ ಮಾಡಿದ್ದು

ರೇಷ್ಮೆ ಹುಳ ಸೊಪ್ಪು ತಿಂದು ಬಿಟ್ಟ ಕಡ್ಡಿ ನಮ್ಮ ಕಡೆ ಒಲೆಗೆ ಹೋಗುತ್ತದೆ. ನಾನು ಅದರ ತೊಗಟೆಯಲ್ಲಿ ಕಾಗದ ಮಾಡುತ್ತೇನೆ. ಕಾಗದಕ್ಕೆ ಚೀನಾದವರು ಹೆಚ್ಚಾಗಿ ಬಳಸಿದ ಮರ ಬೇರೆ, ಆದರೆ ಹಿಪ್ಪುನೇರಳೆ ಕುಟುಂಬದ್ದೇ. ಕ್ರಿ.ಶ. 105ರಲ್ಲಿ ಚೀನಾದ ಹಾನ್ ರಾಜವಂಶದ ಅರಮನೆಯ ಅಧಿಕಾರಿ ತ್ಸಾಯ್ ಲುನ್ ಮರದ ತೊಗಟೆ, ನಾರು, ಚಿಂದಿ ಬಟ್ಟೆ, ಹಳೇ ಮೀನುಬಲೆಗಳಿಂದ ಕಾಗದ ಮಾಡಿ ಚಕ್ರವರ್ತಿಗೆ ಒಪ್ಪಿಸಿದ ಅಂತ ಅಲ್ಲಿನ ಇತಿಹಾಸ ಹೇಳುತ್ತದೆ. ನಾನು ಹಿಡಿದದ್ದು ಅದೇ ದಾರಿ.

ಹಸಿ ಕಡ್ಡಿಯ ತೊಗಟೆ ಸುಲಿದು, ಮೇಲಿನ ಕಂದು ಸಿಪ್ಪೆಯನ್ನು ಚಾಕುವಿನಿಂದ ಹೆರೆದು ತೆಗೆಯಬೇಕು. ಒಳಗಿನ ಬಿಳಿ ಪದರ ಮಾತ್ರ ಬೇಕು. ಅದನ್ನು ಒಲೆಬೂದಿಯ ತಿಳಿನೀರಿನಲ್ಲಿ, ಬೆರಳಲ್ಲಿ ಎಳೆದರೆ ನಾರು ನಾರಾಗಿ ಬಿಡುವ ತನಕ ಬೇಯಿಸುತ್ತೇನೆ. ನಾರುಗಳನ್ನು ಹಿಡಿದಿಟ್ಟ ಅಂಟನ್ನು ಬೂದಿಯ ಕ್ಷಾರ ಕರಗಿಸುತ್ತದೆ. ಆಮೇಲೆ ಚೆನ್ನಾಗಿ ತೊಳೆದು, ಚಪ್ಪಡಿ ಮೇಲೆ ಹಾಕಿ ಮರದ ಕೊಡತಿಯಿಂದ ಜಜ್ಜುವುದು. ಭುಜ ಸೋಲುವ ಕೆಲಸ ಇದೇ. ಬಡಿದಷ್ಟೂ ನಾರಿನ ಮೈ ಪಿಸಿದು ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಕಾಗದ ನಿಲ್ಲುವುದು ಈ ಕಚ್ಚಿನ ಮೇಲೆ, ಬೇರೆ ಗೋಂದು ಬೇಕಿಲ್ಲ.

ಬಡಿದ ಮುದ್ದೆಯನ್ನು ಟಬ್ಬಿನ ನೀರಿಗೆ ಕದಡಿದರೆ ಉದ್ದ ನಾರು ಗಂಟು ಕಟ್ಟುತ್ತದೆ. ಜಪಾನಿನವರು ಬೆಂಡೆಯ ನೆಂಟಸ್ಥಿಕೆಯ ಒಂದು ಗಿಡದ ಬೇರಿನ ಲೋಳೆ ಬೆರೆಸುತ್ತಾರೆ. ನಾನು ಬೆಂಡೆಕಾಯಿಯನ್ನೇ ಹೆಚ್ಚಿ ನೆನೆಹಾಕಿ, ಲೋಳೆ ಸೋಸಿ ಸುರಿದೆ. ನಾರು ನಿಧಾನವಾಗಿ, ಸಮವಾಗಿ ತೇಲಿತು. ಅಡುಗೆಮನೆಯವರ ಮುಖ ಮಾತ್ರ ನೋಡೋ ಹಾಗಿರಲಿಲ್ಲ!

ಚೌಕಟ್ಟಿಗೆ ಬಟ್ಟೆ ಬಿಗಿದು, ಅದರ ಮೇಲೆ ಮುದ್ದೆನೀರು ಸುರಿದು ಹಾಗೇ ಬಿಸಿಲಿಗಿಡುವುದು ಹಳೇ ರೀತಿ. ಒಂದು ಹಾಳೆಗೆ ಒಂದು ಚೌಕಟ್ಟು, ಒಣಗುವ ತನಕ ಕಾಯಬೇಕು. ಬಿದಿರಿನ ಸಣ್ಣ ಕಡ್ಡಿ ಹೆಣೆದ ಜಾಲರಿ ಬಂದ ಮೇಲೆ ಅದನ್ನು ಟಬ್ಬಿಗೆ ಅದ್ದಿ ಎತ್ತಿ, ಹಸಿ ಹಾಳೆಯನ್ನು ಕವುಚಿ, ತಕ್ಷಣ ಇನ್ನೊಂದು ತೆಗೆಯಬಹುದಾಯಿತು. ಎರಡನ್ನೂ ಮಾಡಿ ನೋಡಿದ ನನ್ನ ಪ್ರಕಾರ ಕಾಗದ ಅಗ್ಗವಾದದ್ದು ಈ ಜಾಲರಿಯಿಂದ.

ನನ್ನ ಬಟ್ಟೆ ಚೌಕಟ್ಟಿನ ಹಾಳೆ ದಪ್ಪ, ಒರಟು. ಶಾಯಿ ಹಚ್ಚಿದರೆ ಹರಡಿ ಜೇಡನ ಕಾಲಿನಂತಾಗುತ್ತದೆ. ಆದರೆ ಪೊಟ್ಟಣ ಕಟ್ಟಲು ಬಹಳ ಚೆನ್ನ. ತ್ಸಾಯ್ ಲುನ್‌ಗಿಂತ ಹಳೆಯ ಕಾಗದದ ತುಂಡುಗಳೂ ಚೀನಾದಲ್ಲಿ ಸಿಕ್ಕಿವೆ. 1957ರಲ್ಲಿ ಶಿಯಾನ್ ಬಳಿಯ ಬಾಚಿಯಾವೊ ಗೋರಿಯಲ್ಲಿ ಸಿಕ್ಕಿದ್ದು ಕಂಚಿನ ಕನ್ನಡಿಯ ಜೊತೆಗೆ, ಅದರಲ್ಲಿ ಬರಹ ಇರಲಿಲ್ಲ. ಹಾಗಂತ ಯಾರೂ ಬರೆಯಲಿಲ್ಲ ಅಂತಲ್ಲ. ಗಾನ್ಸು ಪ್ರಾಂತ್ಯದ ಫಾಂಗ್‌ಮಾಟಾನ್‌ನಲ್ಲಿ ಸಿಕ್ಕ ಕ್ರಿ.ಪೂ. 2ನೇ ಶತಮಾನದ ಕಾಗದದ ಮೇಲೆ ನಕ್ಷೆಯ ಗೆರೆಗಳಿವೆ. ಆದರೂ ಬಹುಕಾಲ ಅಲ್ಲಿ ಬರವಣಿಗೆ ನಡೆದದ್ದು ಬಿದಿರ ಪಟ್ಟಿ ಮತ್ತು ರೇಷ್ಮೆ ಮೇಲೆ. ಪಟ್ಟಿ ಭಾರ, ರೇಷ್ಮೆ ದುಬಾರಿ, ಅಲ್ವಾ?

ಬರೆಯಲು ಬೇಕಾದರೆ ಒಣಗಿದ ಹಾಳೆಗೆ ತೆಳು ಗಂಜಿ ಸವರಿ, ನುಣುಪು ಕಲ್ಲಿನಿಂದ ಉಜ್ಜುತ್ತೇನೆ. ನಮ್ಮಲ್ಲಿ ಹಿಂದೆ ಕಡತ ಅಂದರೆ ಮಡಚುವ ಬಟ್ಟೆ ಪುಸ್ತಕ, ಆ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಬಳಪದಲ್ಲಿ ಬರೆಯುತ್ತಿದ್ದರು. ಹುಣಸೆ ಅಂಟನ್ನು ಹಾಳೆಗೂ ಸವರಿ ನೋಡಿದೆ. ಶಾಯಿ ನಿಲ್ಲುತ್ತದೆ, ಆದರೆ ಬಣ್ಣ ಸ್ವಲ್ಪ ಮಂಕು. ಅಕ್ಕಿ ಗಂಜಿಯೇ ವಾಸಿ.