ಬಾಟಲಿಯಲ್ಲಿ ಕೆರೆ ಕಟ್ಟಿ ನೋಡಿ, ಆಮೇಲೆ ಊರ ಕೆರೆ ನೋಡಿ

ಶಾಲೆ ಪುಸ್ತಕದಲ್ಲಿ ಪರಿಸರ ವ್ಯವಸ್ಥೆ ಅಂದರೆ ಎರಡು ಪಟ್ಟಿ. ಕಾಡು, ಹುಲ್ಲುಗಾವಲು, ನದಿ, ಸಮುದ್ರ ಎಲ್ಲ ನೈಸರ್ಗಿಕ. ಹೊಲ, ತೋಟ, ಮೀನಿನ ತೊಟ್ಟಿ ಕೃತಕ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಕೋಲಾರದ ಮಗುವೊಂದು ಎದ್ದು ನಿಂತು, ನಮ್ಮೂರ ಕೆರೆ ಯಾವ ಪಟ್ಟಿಗೆ ಸೇರುತ್ತದೆ ಅಂತ ಕೇಳಿದರೆ ಏನು ಹೇಳುತ್ತೀರಿ? ಏರಿ ಹಾಕಿದ್ದು, ತೂಬು ಇಟ್ಟಿದ್ದು, ಕೋಡಿ ಕಟ್ಟಿದ್ದು ಮನುಷ್ಯರು. ಒಳಗಿರುವ ಕಪ್ಪೆ, ಬಸವನಹುಳು, ಜೊಂಡು, ನೀರುಕೋಳಿ ಯಾರೂ ತಂದು ಬಿಟ್ಟಿದ್ದಲ್ಲ.

ಹಾಗಾಗಿ ಪಟ್ಟಿ ಪಕ್ಕಕ್ಕಿಟ್ಟು ಬೇರೆ ಪ್ರಶ್ನೆ ಕೇಳೋಣ: ಇಲ್ಲಿ ಯಾವ ಕೆಲಸವನ್ನು ಯಾರು ಮಾಡುತ್ತಿದ್ದಾರೆ? ಎಲ್ಲ ಕಡೆಯೂ ಮೂರು ಕೆಲಸ ಆಗಲೇಬೇಕು. ಬಿಸಿಲು ಹಿಡಿದು ಆಹಾರ ಮಾಡೋರು ಬೇಕು, ಅಂದರೆ ಗಿಡ ಮತ್ತು ಪಾಚಿ. ಅದನ್ನು ತಿನ್ನೋರು ಬೇಕು. ಸತ್ತಿದ್ದು, ಉದುರಿದ್ದು, ಹಿಕ್ಕೆ ಹಾಕಿದ್ದನ್ನೆಲ್ಲ ಕೊಳೆಸಿ ಮತ್ತೆ ಗಿಡಕ್ಕೆ ಒದಗಿಸೋರು ಬೇಕು. ಕಾಡಲ್ಲಿ ಈ ಮೂರೂ ತಾವಾಗಿಯೇ ನಡೆಯುತ್ತವೆ. ಮನುಷ್ಯ ಕಟ್ಟಿದ ಕಡೆ ಒಂದೆರಡು ಕೆಲಸಕ್ಕೆ ಆಳಿರುವುದಿಲ್ಲ, ಅದನ್ನು ನಾವೇ ಮಾಡಬೇಕು: ಗೊಬ್ಬರ ಹೊರಬೇಕು, ಪಂಪು ಓಡಿಸಬೇಕು, ಕಳೆ ಕೀಳಬೇಕು, ನೀರು ಬದಲಾಯಿಸಬೇಕು. ನಾವು ನಿಲ್ಲಿಸಿದ ದಿನ ಆ ವ್ಯವಸ್ಥೆ ಬೇರೆ ಏನೋ ಆಗಲು ಶುರುವಾಗುತ್ತದೆ.

ಇದನ್ನು ಓದಿ ತಿಳಿಯುವುದಕ್ಕಿಂತ ಮಾಡಿ ನೋಡುವುದು ಸುಲಭ. ಎರಡು ಮೂರು ಲೀಟರ್ ಹಿಡಿಯುವ ಅಗಲ ಬಾಯಿಯ ಗಾಜಿನ ಬಾಟಲಿ ಬೇಕು, ಉಪ್ಪಿನಕಾಯಿ ಜಾಡಿ ಆದರೂ ಸರಿ, ಒಳಗೆ ಕಾಣುವಂತಿರಬೇಕು ಅಷ್ಟೇ. ಸಾಧ್ಯವಾದರೆ ಮೂರು ಬಾಟಲಿ ಇಟ್ಟುಕೊಳ್ಳಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಕೆರೆಯ ಅಂಚಿನಿಂದ ಎರಡು ಹಿಡಿ ಕೆಸರು, ಒಂದು ಬಿಂದಿಗೆ ಕೆರೆ ನೀರು, ನೀರೊಳಗೆ ಬೆಳೆಯುವ ಗಿಡದ ನಾಲ್ಕಾರು ಕಡ್ಡಿ, ಎರಡು ಸಣ್ಣ ಬಸವನಹುಳು ತನ್ನಿ. ಗಿಡ ಸಿಗದಿದ್ದರೆ ಅಕ್ವೇರಿಯಂ ಅಂಗಡಿಯಲ್ಲಿ ಹೈಡ್ರಿಲ್ಲಾ ಅಂತ ಕೇಳಿ. ಮಕ್ಕಳನ್ನು ಕಳಿಸುವುದಾದರೆ ಜೊತೆಗೆ ದೊಡ್ಡವರು ಹೋಗಲೇಬೇಕು. ಕೃಷಿ ಹೊಂಡದ ಹತ್ತಿರಕ್ಕಂತೂ ಬೇಡವೇ ಬೇಡ. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಜಾರಿದರೆ ಈಜು ಬರುವ ದೊಡ್ಡವರಿಗೂ ಹತ್ತಿ ಬರುವುದು ಕಷ್ಟ. ಬಂದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಬಾಟಲಿ ತಳಕ್ಕೆ ಒಂದು ಬೆರಳು ದಪ್ಪ ಕೆಸರು ಹಾಕಿ. ಜಾಸ್ತಿ ಬೇಡ. ಅದರ ಮೇಲೆ ತೊಳೆದ ಮರಳು ಇನ್ನೊಂದು ಬೆರಳು. ಗಿಡದ ಕಡ್ಡಿಗಳನ್ನು ಮರಳಿಗೆ ಚುಚ್ಚಿ. ಒಂದು ಚಮಚವನ್ನು ಮಗುಚಿ ಹಿಡಿದು ಅದರ ಬೆನ್ನ ಮೇಲೆ ನಿಧಾನವಾಗಿ ನೀರು ಬಿಡಿ, ಇಲ್ಲದಿದ್ದರೆ ಕೆಸರು ಎದ್ದು ಎಲ್ಲ ರಾಡಿಯಾಗುತ್ತದೆ. ಮೇಲೆ ಕಾಲು ಭಾಗ ಖಾಲಿ ಬಿಡಿ. ಬಸವನಹುಳು ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ, ಸಂದು ಇರಬಾರದು, ಸೊಳ್ಳೆ ಬಂದು ಮೊಟ್ಟೆ ಇಡುತ್ತದೆ. ಬೆಳಕು ಚೆನ್ನಾಗಿ ಬೀಳುವ ಕಿಟಕಿ ಹತ್ತಿರ ಇಡಿ, ಆದರೆ ನೇರ ಬಿಸಿಲಿಗೆ ಬೇಡ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಗಾಜಿನೊಳಗಿನ ನೀರು ಬಿಸಿಯಾಗಿ ಎಲ್ಲ ಬೆಂದುಹೋಗುತ್ತದೆ. ಎರಡು ವಾರ ಕಳೆದು ನೀರು ತಿಳಿಯಾದ ಮೇಲೆ ಮುಚ್ಚಳ ಹಾಕಿ. ಆಮೇಲೆ ಏನೂ ಹಾಕುವ ಹಾಗಿಲ್ಲ, ತೆಗೆಯುವ ಹಾಗೂ ಇಲ್ಲ.

ಎರಡನೇ ಬಾಟಲಿಗೆ ಕೆಸರು ಬೇಡ. ತೊಳೆದ ಮರಳು, ಕುದಿಸಿ ಆರಿಸಿದ ನೀರು, ಅದೇ ಗಿಡ. ಮೂರನೆಯದು ಮೊದಲನೆಯದರ ಹಾಗೇ, ಆದರೆ ಬಸವನಹುಳು ಬೇಡ, ಬದಲಿಗೆ ಎರಡು ಮೂರು ಕಾಳು ಡಿಎಪಿ ಗೊಬ್ಬರ.

ಈಗ ನೋಡುತ್ತಾ ಹೋಗಿ. ಮಧ್ಯಾಹ್ನದ ಹೊತ್ತಿಗೆ ಮೊದಲ ಬಾಟಲಿಯಲ್ಲಿ ಗಿಡದ ಎಲೆ ಮೇಲೆ ಸಣ್ಣ ಸಣ್ಣ ಗುಳ್ಳೆ ಕೂತಿರುತ್ತವೆ, ಒಂದೊಂದೇ ಬಿಟ್ಟು ಮೇಲೇರುತ್ತವೆ. ಅದೇ ಆಮ್ಲಜನಕ. ರಾತ್ರಿ ಇದು ನಿಲ್ಲುತ್ತದೆ, ಗಿಡವೂ ಸೇರಿ ಎಲ್ಲರೂ ಉಸಿರಾಡಿ ಅದನ್ನೇ ಖರ್ಚು ಮಾಡುತ್ತಾರೆ. ಹಾಗಾಗಿ ಯಾವ ಕೆರೆಯಲ್ಲೇ ಆಗಲಿ ಬೆಳಗಿನ ಜಾವಕ್ಕೆ ಆಮ್ಲಜನಕ ಅತಿ ಕಡಿಮೆ. ಪಾಚಿ ತುಂಬಿದ ಕೆರೆಯಲ್ಲಿ ಸೂರ್ಯ ಹುಟ್ಟೋ ಮುಂಚೆ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುವುದನ್ನು ಮೀನು ಸಾಕುವವರು ಕಂಡಿರುತ್ತಾರೆ, ಕಾರಣ ಇದೇ. ಗಾಜಿನ ಮೇಲೆ ಹಸಿರು ಪೊರೆ ಕಟ್ಟುತ್ತದೆ, ಬಸವನಹುಳು ಅದನ್ನು ಕೆರೆಯುತ್ತಾ ಹೋದ ದಾರಿ ಬೆಳ್ಳಗೆ ಗೀರು ಬಿದ್ದ ಹಾಗೆ ಕಾಣುತ್ತದೆ. ಭೂತಗನ್ನಡಿ ಇದ್ದರೆ ನೀರಲ್ಲಿ ಜಿಗಿ ಜಿಗಿ ಅಂತ ಓಡಾಡುವ ಬಿಳಿ ಚುಕ್ಕಿಗಳನ್ನು ನೋಡಿ, ಅವು ಸೈಕ್ಲಾಪ್ಸ್, ಡ್ಯಾಫ್ನಿಯಾ ಥರದ ಜೀವಿಗಳು. ಅವನ್ನು ನೀವು ಹಾಕಿರಲಿಲ್ಲ, ಕೆಸರಿನ ಜೊತೆ ಬಂದಿದ್ದು. ತಳದ ಕೆಸರು ಕಪ್ಪಾಗುತ್ತದೆ. ಹೆದರಬೇಡಿ, ಅಲ್ಲಿ ಆಮ್ಲಜನಕ ಇಲ್ಲದೆ ಬದುಕುವ ಬ್ಯಾಕ್ಟೀರಿಯಾ ಕೆಲಸ ಶುರು ಮಾಡಿವೆ. ಕೆದಕಿದರೆ ಕೊಳೆತ ಮೊಟ್ಟೆ ವಾಸನೆ ಬರುತ್ತದೆ, ಕೆದಕಬೇಡಿ.

ಎರಡನೇ ಬಾಟಲಿ ಮೊದಮೊದಲು ತುಂಬಾ ಚೆನ್ನಾಗಿ ಕಾಣುತ್ತದೆ, ನೀರು ಫಳಫಳ. ಆದರೆ ಕೊಳೆಸುವವರು ಬಹಳ ಕಡಿಮೆ, ಗಿಡಕ್ಕೆ ಮಣ್ಣಿನ ಸಾರವೂ ಇಲ್ಲ. ದಿನ ಕಳೆದಂತೆ ಎಲೆ ಹಳದಿಯಾಗಿ ಸೊರಗುತ್ತದೆ. ಮನೆಯಲ್ಲಿ ಮೀನು ಸಾಕಲು ಹೋಗಿ ವಾರದೊಳಗೆ ಮೀನು ಸತ್ತರೆ ಬಹುಪಾಲು ಸಲ ಕಾರಣ ಇಂಥದ್ದೇ. ಮೀನಿನ ಹಿಕ್ಕೆ, ಉಚ್ಚೆ, ತಿಂದು ಬಿಟ್ಟ ಮೇವಿನಿಂದ ಅಮೋನಿಯಾ ಬರುತ್ತದೆ, ಅದು ವಿಷ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಗುಂಪು ನೈಟ್ರೇಟ್ ಮಾಡಿದ ಮೇಲೆ ಗಿಡ ಅದನ್ನು ಹೀರಿಕೊಳ್ಳುತ್ತದೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಬೆಳೆಯಲು ಸುಮಾರು ನಾಲ್ಕರಿಂದ ಆರು ವಾರ ಬೇಕು. ನಾವು ಮೊದಲ ದಿನವೇ ಮೀನು ಬಿಟ್ಟರೆ ಅದು ತನ್ನ ಉಚ್ಚೆಯಲ್ಲೇ ಸಾಯುತ್ತದೆ. ದಯವಿಟ್ಟು ಕಾಯಿರಿ. ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ಒಂದು ದಿನ ತೆರೆದಿಟ್ಟು ಆಮೇಲೆ ಬಳಸಿ, ಕ್ಲೋರಿನ್ ಇರುವುದೇ ಈ ಜೀವಿಗಳನ್ನು ಕೊಲ್ಲಲು.

ಈ ಬಾಟಲಿಗೆ ಮೀನು ಯಾಕೆ ಬೇಡ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಲೆಕ್ಕ ಹೇಳಿ. ತಿಂದದ್ದರಲ್ಲಿ ಹೆಚ್ಚಿನ ಪಾಲು ಉಸಿರಾಟಕ್ಕೆ, ಓಡಾಟಕ್ಕೆ, ಹಿಕ್ಕೆಗೆ ಹೋಗಿ, ಸುಮಾರು ಹತ್ತರಲ್ಲಿ ಒಂದು ಪಾಲು ಶಕ್ತಿ ಮಾತ್ರ ಮೈಯಾಗಿ ಮುಂದಿನವನಿಗೆ ಸಿಗುತ್ತದೆ. ಅಮೆರಿಕದ ಮಿನ್ನೆಸೋಟಾದ ಸಣ್ಣ ಕೆರೆಯೊಂದನ್ನು ಅಧ್ಯಯನ ಮಾಡಿ ರೇಮಂಡ್ ಲಿಂಡೆಮನ್ ಈ ದಾರಿಯ ಲೆಕ್ಕವನ್ನು 1942ರಲ್ಲಿ ಶುರು ಮಾಡಿದರು. ಹಸಿರು 1000 ಇದ್ದರೆ ಅದನ್ನು ತಿನ್ನುವ ಹುಳ 100, ಹುಳ ತಿನ್ನುವ ಸಣ್ಣ ಮೀನು 10, ಮೀನು ತಿನ್ನುವ ಕೊಕ್ಕರೆ 1. ಸಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆ ಮರದ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಜನ ಪ್ರೀತಿಯಿಂದ ಕಾಯುತ್ತಾರೆ. ಆದರೆ ಆ ಮರ ಉಳಿದರಷ್ಟೇ ಸಾಲದು, ಸುತ್ತಲ ಕೆರೆಗಳಲ್ಲಿ ನೀರು ನಿಂತು ಮೀನು ಆಗಬೇಕು. ನಿಮ್ಮ ಎರಡು ಲೀಟರ್ ನೀರಿನ ಹಸಿರಿಗೆ ಎರಡು ಬಸವನಹುಳು ಸಾಕುವಷ್ಟೇ ಶಕ್ತಿ.

ಕೆಸರು ಒಂದೇ ಬೆರಳು ಅಂದೆನಲ್ಲ, ಅದರ ಹಿಂದೆ ದೊಡ್ಡ ಕಥೆ ಇದೆ. ಅಮೆರಿಕದ ಅರಿಜೋನಾದಲ್ಲಿ ಬಯೋಸ್ಫಿಯರ್ 2 ಅಂತ ಮೂರು ಎಕರೆ ಮೀರಿದ ಗಾಜಿನ ಮನೆ ಕಟ್ಟಿ, ಒಳಗೆ ಕಾಡು, ಹೊಲ, ಪುಟ್ಟ ಸಮುದ್ರ ಎಲ್ಲ ಮಾಡಿ, 1991ರ ಸೆಪ್ಟೆಂಬರ್‌ನಲ್ಲಿ ಎಂಟು ಜನ ಎರಡು ವರ್ಷಕ್ಕೆ ಅಂತ ಒಳಗೆ ಸೇರಿಕೊಂಡರು. ಗಾಳಿಯಲ್ಲಿ ಶೇಕಡಾ 21ರ ಹತ್ತಿರ ಇದ್ದ ಆಮ್ಲಜನಕ ಇಳಿಯುತ್ತಾ ಹೋಗಿ ಸುಮಾರು 14ಕ್ಕೆ ಬಂತು. ಕೊನೆಗೆ ಹೊರಗಿನಿಂದ ಆಮ್ಲಜನಕ ಬಿಡಬೇಕಾಯಿತು. ಬೆಳೆ ಚೆನ್ನಾಗಿ ಬರಲಿ ಅಂತ ಹಾಕಿದ್ದ ಫಲವತ್ತಾದ ಮಣ್ಣಲ್ಲಿ ಬ್ಯಾಕ್ಟೀರಿಯಾ ಜಾಸ್ತಿಯಾಗಿ, ಗಿಡ ಮಾಡಿದ್ದಕ್ಕಿಂತ ಹೆಚ್ಚು ಆಮ್ಲಜನಕವನ್ನು ಅವೇ ಉಸಿರಾಡಿದ್ದವು. ಹಾಗಾದರೆ ಇಂಗಾಲದ ಡೈಆಕ್ಸೈಡ್ ಅಷ್ಟೇ ಏರಬೇಕಿತ್ತಲ್ವಾ? ಅದರಲ್ಲಿ ಬಹಳಷ್ಟನ್ನು ಕಟ್ಟಡದ ಕಾಂಕ್ರೀಟ್ ಹೀರಿಕೊಂಡು ಸುಣ್ಣದ ಕಲ್ಲಾಗಿಸಿತ್ತು, ಅದಕ್ಕೇ ಕಾರಣ ಹುಡುಕಲು ಅಷ್ಟು ಹೊತ್ತು ಹಿಡಿಯಿತು. ಬಾಟಲಿಯಲ್ಲೂ ಅಷ್ಟೇ. ಚೆನ್ನಾಗಿ ಬೆಳೆಯಲಿ ಅಂತ ಸಗಣಿ, ಜಾಸ್ತಿ ಕೆಸರು ಹಾಕಿದರೆ ಬಸವನಹುಳು ಉಸಿರುಕಟ್ಟಿ ಸಾಯುತ್ತದೆ.

ಮೂರನೇ ಬಾಟಲಿಯ ನೀರು ಕೆಲವೇ ದಿನದಲ್ಲಿ ಹಸಿರು ಗಂಜಿಯಾಗುತ್ತದೆ. ಪಾಚಿ ಬೆಳಕು ಮುಚ್ಚುತ್ತದೆ, ಕೆಳಗಿನ ಗಿಡ ಸಾಯುತ್ತದೆ, ಪಾಚಿಯೂ ಸತ್ತು ತಳಕ್ಕೆ ಬೀಳುತ್ತದೆ, ಅದನ್ನು ಕೊಳೆಸುವವರು ಇದ್ದ ಆಮ್ಲಜನಕ ಎಲ್ಲ ಮುಗಿಸುತ್ತಾರೆ. ಇದನ್ನು ಕಣ್ಣಾರೆ ಕಂಡ ಮೇಲೆ ಊರ ಕೆರೆಗೆ ಹೋಗಿ.

ಏರಿ ಮೇಲೆ ನಿಂತು ಮೊದಲು ಕೇಳಬೇಕಾದದ್ದು, ಒಳಗೆ ಏನು ಬರುತ್ತಿದೆ, ಹೊರಗೆ ಏನು ಹೋಗುತ್ತಿದೆ ಅಂತ. ಹಿಂದೆ ಮಳೆ ನೀರಿನ ಜೊತೆ ಹೊಲದ ಮಣ್ಣು, ಎಲೆ, ಸಗಣಿ ಕೊಚ್ಚಿ ಬಂದು ತಳದಲ್ಲಿ ಕೂರುತ್ತಿತ್ತು. ಬೇಸಿಗೆಯಲ್ಲಿ ರೈತರು ಗಾಡಿ ಕಟ್ಟಿಕೊಂಡು ಬಂದು ಆ ಗೋಡು ಮಣ್ಣು ತುಂಬಿಕೊಂಡು ಹೊಲಕ್ಕೆ ಹೊಡೆಯುತ್ತಿದ್ದರು. ಕೆರೆಗೆ ಹೂಳಿನ ಕಾಟ ತಪ್ಪಿತು, ರಾಗಿಗೆ ಗೊಬ್ಬರ ಆಯಿತು, ಹೊಲದಿಂದ ಹೋದದ್ದು ಹೊಲಕ್ಕೇ ವಾಪಸ್. ತೂಬು ಎತ್ತಿ ಇಳಿಸಿ ನೀರು ಹಂಚಲು ನೀರುಗಂಟಿ ಇದ್ದ. ಇದೆಲ್ಲ ಆ ಪರಿಸರ ವ್ಯವಸ್ಥೆಯ ಒಳಗಿನ ಕೆಲಸಗಳೇ, ಕಪ್ಪೆಯಷ್ಟೇ ಮುಖ್ಯ. ಯೂರಿಯಾ ಬಂದು, ಬೋರ್‌ವೆಲ್ ಬಂದು, ಆ ಕೆಲಸ ನಿಂತ ಮೇಲೆ ಕೆರೆ ಹೂಳು ತುಂಬಿ ಜಾಲಿ ಮುಳ್ಳಿನ ಪಾಲಾಯಿತು.

ಈಗ ಇನ್ನೊಂದು ಬದಲಾವಣೆ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ, ಬತ್ತಿದ್ದ ಕೆರೆಗಳಲ್ಲಿ ನೀರು ನಿಂತಿದ್ದು ನಿಜ. ಆದರೆ ಎರಡನೇ ಹಂತ ಕೊಳೆಯುವ ಕಸವನ್ನು ಬಹುಪಾಲು ತೆಗೆದರೂ ಸಾರಜನಕ, ರಂಜಕವನ್ನು ಪೂರ್ತಿ ತೆಗೆಯುವುದಿಲ್ಲ. ಅಂದರೆ ಮೂರನೇ ಬಾಟಲಿಗೆ ನೀವು ಹಾಕಿದ ಡಿಎಪಿಯಲ್ಲಿ ಇದ್ದವೇ ಇವು. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಇಲ್ಲಿನ ಜನ ಹಟ ಹಿಡಿದು ಕೇಳುತ್ತಿರುವುದು ಸರಿಯಾಗಿದೆ. ಕೆರೆ ಮೇಲೆ ಅಂತರಗಂಗೆ ಸೊಪ್ಪು ಹಬ್ಬಿದ್ದರೆ ತೆಗೆಸಿ ದಡದಲ್ಲೇ ರಾಶಿ ಹಾಕಬೇಡಿ, ಕೊಳೆತು ಅದರ ಸಾರವೆಲ್ಲ ಮತ್ತೆ ನೀರಿಗೇ ಇಳಿಯುತ್ತದೆ. ದೂರ ಒಯ್ದು ಗೊಬ್ಬರ ಮಾಡಿ.

ಹೊಲದಲ್ಲೂ ಇದೇ ಪ್ರಶ್ನೆ. ರಾಗಿ ಮನೆಗೆ ಬರುತ್ತದೆ, ಹುಲ್ಲು ಬಣವೆಗೆ ಹೋಗುತ್ತದೆ, ಹೊಲಕ್ಕೆ ಉಳಿಯುವುದು ಕೂಳೆ. ಅದಕ್ಕೇ ಕೊಟ್ಟಿಗೆ ಗೊಬ್ಬರ, ಅದಕ್ಕೇ ಅಕ್ಕಡಿ ಸಾಲು, ಅಂದರೆ ರಾಗಿಯ ನಡುವೆ ಬಿತ್ತುವ ಬೇರೆ ಬೆಳೆಗಳ ಸಾಲು. ಅಕ್ಕಡಿಯ ಅವರೆ, ತೊಗರಿ, ಅಲಸಂದೆ ಗಾಳಿಯ ಸಾರಜನಕವನ್ನು ಮಣ್ಣಿಗೆ ಇಳಿಸುತ್ತವೆ, ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತದೆ. ಹೂವಿಗೆ ಬಂದಿರುವ ಒಂದು ಅವರೆ ಗಿಡವನ್ನು ಮಣ್ಣಿನ ಸಮೇತ ಎಬ್ಬಿಸಿ, ಬೇರನ್ನು ನೀರಲ್ಲಿ ಅದ್ದಿ ತೊಳೆಯಿರಿ. ಸಣ್ಣ ಗಂಟುಗಳಿರುತ್ತವೆ. ಉಗುರಲ್ಲಿ ಒಂದನ್ನು ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿದೆ, ಬೆಳ್ಳಗೋ ಹಸಿರಾಗೋ ಇದ್ದರೆ ಮಾಡುತ್ತಿಲ್ಲ.

ಕಾಡು ಹೇಗೆ ಅಂತ ನೋಡಲು ದೇವರಾಯನದುರ್ಗದ ಕಡೆ ಹೋದಾಗ ದಾರಿ ಪಕ್ಕದ ಮರದ ಕೆಳಗೆ ಕೂತು ಎಲೆ ಸರಿಸಿ. ಮೇಲೆ ಇಡೀ ಎಲೆ, ಅದರ ಕೆಳಗೆ ಜಾಲರಿ ಆದ ಎಲೆ, ಇನ್ನೂ ಕೆಳಗೆ ಎಲೆ ಯಾವುದು ಮಣ್ಣು ಯಾವುದು ತಿಳಿಯದ ಕಪ್ಪು ಪುಡಿ. ಗೆದ್ದಲು, ಶಿಲೀಂಧ್ರ, ಸಹಸ್ರಪದಿ ಎಲ್ಲ ಅಲ್ಲೇ ಇರುತ್ತವೆ. ಬರುವಾಗ ಯಾವುದಾದರೂ ನೀಲಗಿರಿ ತೋಪಿನಲ್ಲೂ ಹಾಗೇ ಸರಿಸಿ ನೋಡಿ. ಒಣ ಎಲೆ, ತೊಗಟೆ ಗರಿಗರಿಯಾಗಿ ಬಿದ್ದಿರುತ್ತದೆ, ಅದರ ಕೆಳಗೆ ಹೆಚ್ಚಾಗಿ ಗಟ್ಟಿ ನೆಲ.

ಪ್ರಯೋಗ ಮುಗಿದ ಮೇಲೆ ಬಾಟಲಿಯ ನೀರು, ಕೆಸರನ್ನು ಗಿಡದ ಬುಡಕ್ಕೆ ಸುರಿಯಿರಿ, ಬಸವನಹುಳುವನ್ನು ತಂದ ಕೆರೆಗೇ ಬಿಡಿ. ಅಂಗಡಿಯಿಂದ ತಂದ ಗಿಡವಾಗಲಿ, ಸಾಕಿ ಬೇಜಾರಾದ ಮೀನಾಗಲಿ ಕೆರೆಗೆ ಬಿಡಬೇಡಿ. ಹೊರಗಿನ ಜಾತಿಗಳು ಅಲ್ಲಿ ಬೇರೂರಿದರೆ ನಮ್ಮ ಮೀನಿನ ಮೊಟ್ಟೆ ಮರಿ ತಿಂದು ಹಬ್ಬುತ್ತವೆ, ಆಮೇಲೆ ಕೆರೆ ಪೂರ್ತಿ ಬತ್ತುವವರೆಗೂ ಅವನ್ನು ತೆಗೆಯಲು ಆಗುವುದಿಲ್ಲ. ಬೇಡವಾದ ಮೀನನ್ನು ಅಂಗಡಿಯವರಿಗೇ ವಾಪಸ್ ಕೊಡಿ, ಗಿಡವನ್ನು ಬಿಸಿಲಲ್ಲಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ.