ಭಾನುವಾರ ಓಟ, ಆಮೇಲೆ ಊರ ನೋಟ

ಹೈದರಾಬಾದಿಗೆ ಮೊದಲ ಸಲ ಮ್ಯಾರಥಾನ್ ಓಡಲು ಹೋದಾಗ ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಶನಿವಾರ ಬೆಳಿಗ್ಗೆ ರೈಲು ಇಳಿದೆ, ಬಿಬ್ ತಗೊಂಡೆ, ಅಂದರೆ ಓಡುವಾಗ ಎದೆಗೆ ಚುಚ್ಚಿಕೊಳ್ಳುವ ನಂಬರಿನ ಚೀಟಿ. ಇನ್ನೂ ಇಡೀ ದಿನ ಇದೆಯಲ್ಲ, ಸುಮ್ನೆ ರೂಮಲ್ಲಿ ಯಾಕೆ ಕೂರೋದು ಅಂತ ಗೋಲ್ಕೊಂಡ ಕೋಟೆ ಹತ್ತಿದೆ. ಮೆಟ್ಟಿಲು ಮುನ್ನೂರಕ್ಕೂ ಜಾಸ್ತಿ. ಅಲ್ಲಿಂದ ಚಾರ್ಮಿನಾರ್. ಲಾಡ್ ಬಜಾರಿನಲ್ಲಿ ಮನೆಯವರಿಗೆ ಬಳೆ. ರಾತ್ರಿ ಹೊಟ್ಟೆ ಬಿರಿಯುವಷ್ಟು ಬಿರಿಯಾನಿ. ಮರುದಿನ ಎರಡನೇ ಫ್ಲೈಓವರ್ ಹತ್ತುವಾಗ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ರಸ್ತೆ ಪಕ್ಕದ ಕಂಬ ಹಿಡಿದು ನಿಂತವನನ್ನು ನನಗಿಂತ ಇಪ್ಪತ್ತು ವರ್ಷ ದೊಡ್ಡವರೊಬ್ಬರು ನಗುತ್ತಾ ದಾಟಿಕೊಂಡು ಹೋದರು.

ಅವತ್ತಿನಿಂದ ನನಗೆ ಒಂದೇ ನಿಯಮ. ಓಟ ಮುಗಿಯುವ ತನಕ ಊರು ನೋಡುವುದಿಲ್ಲ. ಊರು ನೋಡುವ ಮೊದಲ ಸುತ್ತೇ ಓಟ. ಪೊಲೀಸರೇ ನಿಂತು ವಾಹನ ತಡೆದು, ನಿಮಗಾಗಿ ರಸ್ತೆ ಖಾಲಿ ಮಾಡಿಕೊಡುವ ದಿನ ಬೇರೆ ಯಾವುದಿದೆ ಹೇಳಿ? ಇದನ್ನು ಒಪ್ಪಿಕೊಂಡರೆ ಟಿಕೆಟ್, ರೂಮು, ಊಟ ಎಲ್ಲವನ್ನೂ ಬೇರೆ ಥರ ಯೋಚಿಸಬೇಕಾಗುತ್ತದೆ.

ಮೊದಲು: ಯಾವ ಊರು, ಎಷ್ಟು ದೂರ

ಫುಲ್ ಮ್ಯಾರಥಾನ್ ಅಂದರೆ 42.195 ಕಿ.ಮೀ. ಹಾಫ್ ಅಂದರೆ ಅದರಲ್ಲಿ ಅರ್ಧ. ಊರೂರು ಸುತ್ತುವ ಆಸೆ ಇರುವವರಿಗೆ ನಾನು ಹೇಳುವುದು ಹಾಫ್. ಹಾಫ್ ಓಡಿದವರು ಸಂಜೆಗೆ ಮನುಷ್ಯರಂತೆ ನಡೆದಾಡುತ್ತಾರೆ. ಫುಲ್ ಓಡಿದವರಿಗೆ ಎರಡು ದಿನ ಬೇಕು. ಇನ್ನೂ ಓಡಲು ಶುರು ಮಾಡುತ್ತಿದ್ದೀರಾ? ಹಾಗಾದರೆ ದೂರದ ಊರು ಬೇಡ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವರ್ಲ್ಡ್ 10ಕೆ (ಹತ್ತು ಕಿ.ಮೀ. ಓಟ) ಥರದ್ದನ್ನು ಒಮ್ಮೆ ಮುಗಿಸಿ ನೋಡಿ. ನಲವತ್ತು ದಾಟಿದ್ದರೆ ಡಾಕ್ಟರ ಹತ್ತಿರ ಒಮ್ಮೆ ಹೃದಯ ತೋರಿಸಿಕೊಳ್ಳಿ, ನಾಚಿಕೆ ಬೇಡ.

ವರ್ಷದ ಲೆಕ್ಕ ಸರಿಸುಮಾರು ಹೀಗೆ. ಜನವರಿಯ ಮೂರನೇ ಭಾನುವಾರ ಮುಂಬೈ. ಫೆಬ್ರವರಿಯಲ್ಲಿ ಪುದುಚೇರಿ ಪಕ್ಕದ ಆರೋವಿಲ್. ಆಗಸ್ಟ್ ಕೊನೆಗೆ ಹೈದರಾಬಾದ್. ಸೆಪ್ಟೆಂಬರಿನಲ್ಲಿ ಸಾತಾರಾ, ಅದೇ ತಿಂಗಳು ಲೇಹ್. ಅಕ್ಟೋಬರಿನಲ್ಲಿ ದೆಹಲಿಯ ಹಾಫ್. ಡಿಸೆಂಬರಿನಲ್ಲಿ ಕೋಲ್ಕತ್ತಾದ 25ಕೆ. ತಾರೀಖು ಆಚೀಚೆ ಆಗುವುದುಂಟು, ನೋಡಿಕೊಂಡೇ ರಜೆ ಹಾಕಿ. ಗಡಿಯಾರ ಕಂಡರೆ ಆಗದವರಿಗೆ ಆರೋವಿಲ್ ಒಳ್ಳೆಯದು. ಅಲ್ಲಿ ಕಾಡಿನ ನಡುವೆ ಕೆಂಪು ಮಣ್ಣಿನ ದಾರಿ, ಟೈಮಿಂಗ್ ಕೊಡುವುದಿಲ್ಲ, ಗೆದ್ದವರು ಸೋತವರು ಅಂತಲೂ ಇಲ್ಲ.

ಆಮೇಲೆ: ಹೆಸರು ಮೊದಲು, ಟಿಕೆಟ್ ನಂತರ

ದೊಡ್ಡ ಓಟಗಳಿಗೆ ಹೆಸರು ನೋಂದಣಿ ನಾಲ್ಕೈದು ತಿಂಗಳು ಮುಂಚೆಯೇ ತೆರೆಯುತ್ತದೆ, ಬೇಗ ತುಂಬಿಯೂ ಬಿಡುತ್ತದೆ. ಮುಂಬೈ ಫುಲ್‌ಗೆ ಹಿಂದೆ ಓಡಿದ ಟೈಮಿಂಗ್ ಸರ್ಟಿಫಿಕೇಟು ಕೇಳುತ್ತಾರೆ. ಕಟ್ಟಿದ ದುಡ್ಡು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ನಿಮ್ಮ ಬಿಬ್ಬನ್ನು ಭಾವಮೈದುನನಿಗೆ ಹಾಕಿ ಓಡಿಸುವಂತೆಯೂ ಇಲ್ಲ. ಬಿಬ್ಬಿನಲ್ಲಿ ಚಿಪ್ ಇರುತ್ತದೆ. ಓಡುವವರಿಗೆ ಏನಾದರೂ ಆದರೆ ಆಸ್ಪತ್ರೆಯವರು ನೋಡುವುದೂ ಅದರಲ್ಲಿರುವ ಹೆಸರು, ರಕ್ತದ ಗುಂಪನ್ನೇ.

ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರಿನಿಂದ 60 ದಿನಕ್ಕೆ ಇಳಿದಿದೆ. ಅಂದರೆ ಓಟಕ್ಕೆ ಹೆಸರು ಕೊಟ್ಟು ಎರಡು ಮೂರು ತಿಂಗಳಾದ ಮೇಲೆ ಟಿಕೆಟ್ ಸಿಗುವ ದಿನ ಬರುತ್ತದೆ. ಅಷ್ಟರಲ್ಲಿ ಮರೆತೇ ಹೋಗಿರುತ್ತದೆ. ಹೆಸರು ಕೊಟ್ಟ ದಿನವೇ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಬಿಬ್ ಕೊಡುವುದು ಎಕ್ಸ್‌ಪೋದಲ್ಲಿ, ಅಂದರೆ ಓಟಕ್ಕೆ ಮೊದಲು ಓಟದವರೇ ನಡೆಸುವ ಮೇಳದಲ್ಲಿ, ಓಟದ ಹಿಂದಿನ ದಿನದ ತನಕ ಮಾತ್ರ. ಓಟದ ದಿನ ಬೆಳಿಗ್ಗೆ ಸಿಗುತ್ತದೆ ಅಂತ ನಂಬಿ ಹೋಗಬೇಡಿ. ಹಾಗಾಗಿ ಶುಕ್ರವಾರ ರಾತ್ರಿಯೊಳಗೆ ಊರು ಮುಟ್ಟುವುದು ವಾಸಿ.

ರೂಮು ಎಲ್ಲಿ

ತಾಜ್ ಕಾಣುತ್ತದೆ, ಸಮುದ್ರ ಕಾಣುತ್ತದೆ ಅಂತ ರೂಮು ಹುಡುಕಬೇಡಿ. ಓಟ ಶುರುವಾಗುವ ಜಾಗಕ್ಕೆ ನಡೆದು ಹೋಗುವಷ್ಟು ಹತ್ತಿರ ಇದ್ದರೆ ಸಾಕು. ಮುಂಬೈ ಫುಲ್ ಬೆಳಗಿನ ಜಾವ ಐದರ ಸುಮಾರಿಗೆ ಬಿಡುತ್ತದೆ, ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಸ್ಟೇಷನ್ ಎದುರಿನಿಂದ. ಆ ಹೊತ್ತಿಗೆ ರಸ್ತೆಗಳು ಬಂದ್ ಆಗಿರುತ್ತವೆ, ಟ್ಯಾಕ್ಸಿ ಅರ್ಧ ದಾರಿಗೇ ಇಳಿಸುತ್ತದೆ. ದೂರದಲ್ಲಿ ನೆಂಟರ ಮನೆ ಇದ್ದರೆ ಲೋಕಲ್ ರೈಲು ನಂಬಬಹುದು. ಓಟಗಾರರಿಗೆಂದೇ ರೈಲ್ವೆಯವರು ನಸುಕಿನಲ್ಲಿ ವಿಶೇಷ ಲೋಕಲ್ ಬಿಡುವುದುಂಟು.

ಲಾಡ್ಜಿನವರನ್ನು ಮೊದಲೇ ಎರಡು ಪ್ರಶ್ನೆ ಕೇಳಿ: ಮೂರು ಗಂಟೆಗೆ ಗೇಟು ತೆಗೆಯುತ್ತೀರಾ, ಭಾನುವಾರ ಮಧ್ಯಾಹ್ನದ ತನಕ ರೂಮು ಇಟ್ಟುಕೊಳ್ಳಬಹುದಾ? ಒಮ್ಮೆ ಒಂದು ಲಾಡ್ಜಿನಲ್ಲಿ ಇದನ್ನು ಕೇಳದೆ, ನಸುಕಿನಲ್ಲಿ ಬೀಗ ಹಾಕಿದ ಶಟರ್ ಒಳಗಡೆ ನಿಂತು ಕಾವಲಿನವನನ್ನು ಎಬ್ಬಿಸಲು ಹದಿನೈದು ನಿಮಿಷ ಶಟರ್ ಬಡಿದಿದ್ದೇನೆ. ಅವತ್ತಿನ ವಾರ್ಮ್‌ಅಪ್ ಅದೇ.

ಬ್ಯಾಗಿನಲ್ಲಿ

ಓಡುವ ಶೂ ಕಾಲಲ್ಲೇ ಇರಲಿ. ವಿಮಾನದಲ್ಲಿ ಹೋಗುವವರು ಶೂ, ಚಡ್ಡಿ, ಬನಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಚೆಕ್ಇನ್ ಬ್ಯಾಗಿಗೆ ಹಾಕಬೇಡಿ. ಹೊಸ ಶೂ, ಹೊಸ ಸಾಕ್ಸ್ ಅವತ್ತು ಬೇಡವೇ ಬೇಡ. ಎಕ್ಸ್‌ಪೋದಲ್ಲಿ ಕೊಡುವ ಟಿ-ಶರ್ಟ್ ಕೂಡ ಮನೆಗೆ ಬಂದ ಮೇಲೆ ಹಾಕಿಕೊಳ್ಳಿ. ವ್ಯಾಸಲಿನ್, ನಾಲ್ಕು ಪಿನ್ನು, ಓಆರ್‌ಎಸ್ ಪ್ಯಾಕೆಟ್, ಓಟದ ನಂತರ ಹಾಕಿಕೊಳ್ಳಲು ಹವಾಯಿ ಚಪ್ಪಲಿ. ಬೆಳಗಿನ ಮೂರಕ್ಕೆ ಯಾವ ಹೋಟೆಲಿನಲ್ಲೂ ತಿಂಡಿ ಸಿಗುವುದಿಲ್ಲ. ನಾನು ಎರಡು ಬಾಳೆಹಣ್ಣು, ಒಂದು ಶೇಂಗಾ ಚಿಕ್ಕಿ ಹಿಂದಿನ ಸಂಜೆಯೇ ತಂದಿಡುತ್ತೇನೆ. ನೋವಿನ ಮಾತ್ರೆ ನುಂಗಿ ಓಡಲು ನಿಲ್ಲಬೇಡಿ. ಮೈ ಒಣಗಿದಾಗ ಅದು ಕಿಡ್ನಿಗೆ ಪೆಟ್ಟು.

ಶನಿವಾರ ಏನು ಮಾಡಬೇಕು

ಏನೂ ಮಾಡಬಾರದು. ಇದೇ ಕಷ್ಟ.

ಎಕ್ಸ್‌ಪೋಗೆ ಹೋಗಿ, ಬಿಬ್ ತಗೊಂಡು, ಅಂಗಡಿಗಳ ಮಧ್ಯೆ ಜಾಸ್ತಿ ಹೊತ್ತು ನಿಲ್ಲದೆ ಹೊರಗೆ ಬನ್ನಿ. ಒಂದು ಒಳ್ಳೆಯ ಊಟ ಮಾಡಿ. ಮುಂಬೈ ಆದರೆ ನಾನು ಹೋಗುವುದು ಮಾಟುಂಗಾಕ್ಕೆ. ಸೆಂಟ್ರಲ್ ಲೈನಿನ ಮಾಟುಂಗಾ ಸ್ಟೇಷನ್ ಪಕ್ಕದಲ್ಲಿ 1942ರಿಂದ ಇರುವ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಬಾಳೆಎಲೆ ಹಾಕಿಸಿಕೊಂಡು ಕೂತರೆ ಅನ್ನ, ಸಾರು, ಮಜ್ಜಿಗೆ. ಓಟದ ಪುಸ್ತಕಗಳು ಕಾರ್ಬ್ ಲೋಡಿಂಗ್ (ಓಟಕ್ಕೆ ಮೊದಲು ಪಿಷ್ಟದ ಊಟ) ಅಂತ ದೊಡ್ಡದಾಗಿ ಬರೆಯುವುದು ಇದನ್ನೇ, ಅಲ್ವಾ? ಹೊಟ್ಟೆಗೆ ಗೊತ್ತಿರುವ ಊಟ, ಸುತ್ತಮುತ್ತ ಕಿವಿಗೆ ಬೀಳುವ ಕನ್ನಡ, ತುಳು. ಹತ್ತಿರದಲ್ಲೇ 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಕೂಡ ಇದೆ. ಆದರೆ ಈ ಊಟ ಮಧ್ಯಾಹ್ನಕ್ಕೆ ಇರಲಿ. ರಾತ್ರಿ ಏಳಕ್ಕೆಲ್ಲ ಮೊಸರನ್ನ ತಿಂದು ಮಲಗಿ. ನಿದ್ದೆ ಬರುವುದಿಲ್ಲ, ಯಾರಿಗೂ ಬರುವುದಿಲ್ಲ, ಸುಮ್ಮನೆ ಮಲಗಿರಿ.

ಓಡುತ್ತಲೇ ನೋಡುವುದು

ಮುಂಬೈಯನ್ನೇ ತಗೊಳ್ಳಿ. ಬೆನ್ನ ಹಿಂದೆ ಸಿಎಸ್‌ಎಂಟಿ, ದೀಪ ಹಾಕಿಕೊಂಡು ಅರಮನೆಯಂತೆ ನಿಂತಿರುತ್ತದೆ. 2004ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಕಟ್ಟಡ. ಈ ಮ್ಯಾರಥಾನ್ ಶುರುವಾದದ್ದೂ ಅದೇ ವರ್ಷ. ಮರೀನ್ ಡ್ರೈವಿಗೆ ತಿರುಗಿದರೆ ಇನ್ನೂ ಕತ್ತಲು, ಎಡಕ್ಕೆ ಸಮುದ್ರದ ಸದ್ದು ಮಾತ್ರ. ಬಲಕ್ಕೆ ದುಂಡು ಬಾಲ್ಕನಿಗಳ ಆರ್ಟ್ ಡೆಕೊ ಶೈಲಿಯ ಹಳೇ ಕಟ್ಟಡಗಳು. ಹಗಲಲ್ಲಿ ಟ್ಯಾಕ್ಸಿಯಲ್ಲಿ ಹೋದರೆ ಇವು ಕಣ್ಣಿಗೇ ಬೀಳುವುದಿಲ್ಲ.

ಆಮೇಲೆ ಸೀ ಲಿಂಕ್. ಸಮುದ್ರದ ಮೇಲಿನ 5.6 ಕಿ.ಮೀ. ಸೇತುವೆ, 2009ರಲ್ಲಿ ತೆರೆದದ್ದು. ಅಲ್ಲಿ ನಡೆಯಲು ಬಿಡುವುದಿಲ್ಲ, ಬೈಕು ಬಿಡುವುದಿಲ್ಲ, ಆಟೋ ಬಿಡುವುದಿಲ್ಲ. ಮುಂಬೈಯಲ್ಲೇ ಹುಟ್ಟಿ ಬೆಳೆದವರಿಗೂ ಅದರ ಮೇಲೆ ಕಾಲಿಡುವ ಅವಕಾಶ ಸಿಗುವುದು ಅಪರೂಪ. ಕೇಬಲ್ಲುಗಳ ಕೆಳಗೆ ಬಂದಾಗ ನಾನು ಗಡಿಯಾರ ನೋಡುವುದನ್ನು ಬಿಟ್ಟು ಒಂದರ್ಧ ನಿಮಿಷ ನಡೆದೆ. ಕಾಲ ಕೆಳಗೆ ರಸ್ತೆ ಸಣ್ಣಗೆ ಅದುರಿದ ಹಾಗೆ ಅನ್ನಿಸಿತು. ಸಾವಿರಾರು ಕಾಲುಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಬ್ಬರೂ ಮಾತಾಡುತ್ತಿರಲಿಲ್ಲ.

ವಾಪಸ್ ಬರುವಾಗ ಬಿಸಿಲು. ಬಡಾವಣೆಗಳ ಜನ ಮನೆ ಮುಂದೆ ಟೇಬಲ್ ಹಾಕಿ ಕಿತ್ತಳೆ ತೊಳೆ, ಬಿಸ್ಕತ್ತು, ಉಪ್ಪು ಹಿಡಿದು ನಿಂತಿರುತ್ತಾರೆ. ತಗೊಳ್ಳಿ, ಬೇಡ ಅನ್ನಬೇಡಿ. ನೀರು ಮಾತ್ರ ಸಿಕ್ಕಲ್ಲೆಲ್ಲ ಲೋಟಗಟ್ಟಲೆ ಕುಡಿಯಬೇಡಿ. ಬರೀ ನೀರೇ ಜಾಸ್ತಿಯಾದರೆ ಮೈಯ ಉಪ್ಪಿನಂಶ ಇಳಿದು ತಲೆ ತಿರುಗುತ್ತದೆ. 35 ಕಿ.ಮೀ. ಆಸುಪಾಸಿನಲ್ಲಿ ಪೆಡ್ಡರ್ ರೋಡಿನ ಏರು ಬರುತ್ತದೆ. ಕಾರಿನಲ್ಲಿ ಕೂತವರಿಗೆ ಅದು ಏರು ಅಂತಲೇ ಗೊತ್ತಾಗುವುದಿಲ್ಲ. ಅವತ್ತು ಮಾತ್ರ ಅದು ಚಾಮುಂಡಿ ಬೆಟ್ಟ.

ಸೋಮವಾರದ ಬೀಗ

ಪ್ರವಾಸದ ಪುಸ್ತಕಗಳು ಓಟಗಾರರಿಗೆ ಹೇಳದ ಒಂದು ವಿಷಯವಿದೆ. ಓಟ ಭಾನುವಾರ, ಊರು ನೋಡುವುದು ಸೋಮವಾರ. ನಮ್ಮ ದೇಶದಲ್ಲಿ ಎಷ್ಟೋ ನೋಡುವ ಜಾಗಗಳಿಗೆ ರಜೆ ಇರುವುದೂ ಸೋಮವಾರವೇ. ಎಲಿಫೆಂಟಾ ಗುಹೆಗಳಿಗೆ ಸೋಮವಾರ ಬೀಗ. ದೆಹಲಿಯ ಕೆಂಪು ಕೋಟೆಗೂ ಅಷ್ಟೇ, ಕೋಲ್ಕತ್ತಾದ ಇಂಡಿಯನ್ ಮ್ಯೂಸಿಯಮ್ಮಿಗೂ ಅಷ್ಟೇ. ಹೈದರಾಬಾದಿನವರು ಪುಣ್ಯವಂತರು, ಸಾಲಾರ್‌ಜಂಗ್ ಮ್ಯೂಸಿಯಂ ಮುಚ್ಚುವುದು ಶುಕ್ರವಾರ.

ಎರಡನೆಯ ಲೆಕ್ಕ ಮೆಟ್ಟಿಲಿನದು. ಓಡಿದ ಮರುದಿನ ಹತ್ತುವುದು ಪರವಾಗಿಲ್ಲ, ಇಳಿಯುವುದೇ ಆಗುವುದಿಲ್ಲ. ತೊಡೆ ಮುಂಭಾಗ ಕೈ ಕೊಡುತ್ತದೆ. ಎಲಿಫೆಂಟಾಕ್ಕೆ ನೂರಕ್ಕೂ ಹೆಚ್ಚು ಮೆಟ್ಟಿಲಿವೆ, ಅದನ್ನು ಮಂಗಳವಾರಕ್ಕೆ ಹಾಕಿದರೆ ರಜೆಯ ಲೆಕ್ಕವೂ ಸರಿ, ಕಾಲಿನ ಲೆಕ್ಕವೂ ಸರಿ. ಸೋಮವಾರ ಮುಂಬೈ ನಗರ ಸಾರಿಗೆಯ, ಅಂದರೆ ಬೆಸ್ಟ್‌ನ, ಡಬಲ್ ಡೆಕರ್ ಬಸ್ಸು ಹತ್ತಿ. ಮೇಲಿನ ಅಂತಸ್ತಿನಿಂದ ಇಳಿಯುವಾಗ ಕಂಬಿ ಗಟ್ಟಿಯಾಗಿ ಹಿಡಿದುಕೊಳ್ಳಿ, ಹಿಂದಿನವರು ಬೈದರೆ ಮೆಡಲ್ ತೋರಿಸಿ. ದೆಹಲಿಯಾದರೆ ಹುಮಾಯೂನ್ ಸಮಾಧಿಯ ತೋಟ. ಹುಲ್ಲಿನ ಮೇಲೆ ಕಾಲು ಚಾಚಿ ಕೂರುವುದೂ ಊರು ನೋಡುವುದೇ.

ನಮಗೆ ಹತ್ತಿರದ ಸಾತಾರಾ

ಉತ್ತರ ಕರ್ನಾಟಕದವರು ಹೊರ ರಾಜ್ಯದ ಮೊದಲ ಓಟಕ್ಕೆ ಸಾತಾರಾ ಇಟ್ಟುಕೊಳ್ಳಬಹುದು. ಬೆಳಗಾವಿಯಿಂದ ಸುಮಾರು 230 ಕಿ.ಮೀ., ಪುಣೆ ಹೆದ್ದಾರಿಯಲ್ಲೇ. ಹಿಲ್ ಹಾಫ್ ಮ್ಯಾರಥಾನ್ ಯವತೇಶ್ವರ ಘಾಟ್ ಹತ್ತಿ ಅದೇ ದಾರಿಯಲ್ಲಿ ಇಳಿಯುತ್ತದೆ. ಮಂಜು, ತುಂತುರು ಮಳೆ, ಕೆಳಗೆ ಊರು. ಹತ್ತುವಾಗ ಹೆದರಬೇಡಿ, ಇಳಿಯುವಾಗ ಹೆದರಿ. ಹತ್ತಿ ಮುಗೀತು ಅಂತ ಗಾಡಿ ಬಿಟ್ಟ ಹಾಗೆ ಇಳಿದವರ ಮೊಣಕಾಲು ವಾರಗಟ್ಟಲೆ ನೆನಪಿಸುತ್ತದೆ.

ಅದೇ ರಸ್ತೆ ಮುಂದೆ ಕಾಸ್ ಬಯಲಿಗೆ ಹೋಗುತ್ತದೆ. ಪಶ್ಚಿಮ ಘಟ್ಟದ ಜೊತೆ 2012ರಲ್ಲಿ ವಿಶ್ವ ಪರಂಪರೆಗೆ ಸೇರಿದ ಜಾಗ. ಓಟ ನಡೆಯುವ ಹೊತ್ತು ಮತ್ತು ಹೂವಿನ ಹೊತ್ತು ಒಂದೇ, ಅದೇ ಇದರ ಚೆಂದ. ಮಣ್ಣೇ ಇಲ್ಲದ ಕಲ್ಲುಬಂಡೆ ಮೇಲೆ ಅಂಗೈ ಅಗಲದ ತೇವದಲ್ಲಿ ನೀಲಿ ಹೂಗಳ ರಾಶಿ. ಅಲ್ಲಿನವರು ಅದಕ್ಕೆ ಸೀತೇಚಿ ಆಸವೆ, ಅಂದರೆ ಸೀತೆಯ ಕಣ್ಣೀರು ಅನ್ನುತ್ತಾರೆ. ಕಿರುಬೆರಳ ಉಗುರಿನಷ್ಟಿರುವ ಈ ಹೂವಿನ ಗಿಡ ಹುಳ ಹಿಡಿದು ತಿನ್ನುತ್ತದೆ! ಇಲ್ಲಿ ಮೆಟ್ಟಿಲಿಲ್ಲ, ಬಯಲು. ಓಡಿದ ಕಾಲಿಗೆ ಹೇಳಿ ಮಾಡಿಸಿದ ಹಾಗಿದೆ. ದಿನಕ್ಕೆ ಇಂತಿಷ್ಟೇ ಜನ ಅಂತ ಮಿತಿ ಇರುವುದರಿಂದ ಆನ್‌ಲೈನಿನಲ್ಲಿ ಮೊದಲೇ ಬುಕ್ ಮಾಡಿ. ಭಾನುವಾರ ಜಾತ್ರೆ, ಸೋಮವಾರ ಆರಾಮ. ಬರುವಾಗ ಕಂದಿ ಪೇಡಾ ತರುವುದು ಮರೆಯಬೇಡಿ.

ಲೇಹ್‌ನಲ್ಲಿ ಎಲ್ಲ ಉಲ್ಟಾ

ನನ್ನ ನಿಯಮ ಕೆಲಸ ಮಾಡದ ಊರು ಒಂದೇ. ಲೇಹ್ ಇರುವುದು ಸಮುದ್ರ ಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿ. ಒಂದು ಉಸಿರಿಗೆ ನಮ್ಮ ಕರಾವಳಿಯಲ್ಲಿ ಸಿಗುವ ಆಮ್ಲಜನಕದ ಮೂರರಲ್ಲಿ ಎರಡು ಪಾಲು ಮಾತ್ರ ಸಿಗುತ್ತದೆ. ಅಲ್ಲಿಗೆ ಓಟದ ಒಂದು ವಾರ ಮೊದಲೇ ಹೋಗಬೇಕು. ಮೊದಲ ಎರಡು ದಿನ ಮಲಗುವುದು, ನೀರು ಕುಡಿಯುವುದು, ಅಷ್ಟೇ. ಮೂರನೇ ದಿನದಿಂದ ನಿಧಾನಕ್ಕೆ ಪೇಟೆ, ಆಮೇಲೆ ಥಿಕ್ಸೆ, ಹೆಮಿಸ್ ಮಠಗಳು. ಅಂದರೆ ಊರು ನೋಡುವುದೇ ಇಲ್ಲಿ ತಯಾರಿ. ತಲೆನೋವು, ವಾಂತಿ ಬಿಡದಿದ್ದರೆ ಓಟ ಮರೆತು ಡಾಕ್ಟರ ಹತ್ತಿರ ಹೋಗಿ. ಖಾರ್ದುಂಗ್ ಲಾ ದಾಟುವ 72 ಕಿ.ಮೀ. ಓಟವೂ ಅಲ್ಲಿದೆ. ಅದರ ಬಗ್ಗೆ ಹೇಳುವಷ್ಟು ದೊಡ್ಡವನು ನಾನಲ್ಲ.

ಕೊನೆಯದು: ವಾಪಸ್ ಬರುವ ಬರ್ತ್

ಹೋಗುವಾಗ ಯಾವ ಬರ್ತ್ ಆದರೂ ಸರಿ. ಬರುವಾಗ ಲೋವರ್ ಬರ್ತ್‌ಗೆ ಜೀವ ಬಿಡಿ. ಮುಂಬೈಯಿಂದ ಬರುವಾಗ ನನಗೆ ಲೋವರ್ ಸಿಕ್ಕಿತ್ತು. ಇನ್ನೇನು ಕಾಲು ಚಾಚಬೇಕು, ಎದುರಿಗೆ ಒಬ್ಬ ಅಜ್ಜಿ ಬಂದು ನಿಂತರು. "ತಮ್ಮಾ, ಮ್ಯಾಲ ಹತ್ತಾಕ ಆಗೂದಿಲ್ಲಪಾ, ಮೊಣಕಾಲ ಹಿಡದಾವ" ಅಂದರು. ನನ್ನವೂ ಹಿಡಿದಿವೆ ಅಂತ ಹೇಗೆ ಹೇಳಲಿ? ಬಿಟ್ಟುಕೊಟ್ಟೆ. ಏಣಿಯ ಎರಡನೇ ಮೆಟ್ಟಿಲಲ್ಲಿ ನಾನು "ಅಯ್ಯೋ" ಅಂದಿದ್ದು ಅವರಿಗೆ ಕೇಳಿಸಿತು. ಏನಾಯಿತು ಅಂತ ಕೇಳಿದರು. ನಲವತ್ತೆರಡು ಕಿಲೋಮೀಟರ್ ಓಡಿದೆ ಅಂದೆ.

ಅಜ್ಜಿ ಒಂದು ಕ್ಷಣ ನೋಡಿದರು. "ಯಾರ ಬೆನ್ನ ಹತ್ತಿದ್ರೋ ತಮ್ಮಾ?"